ಮಗನನ್ನು ಹೊಸ ಔಷಧಿಯ ಟ್ರಯಲ್‌ಗೆ ಸೇರಿಸಲಾ, ಬೇಡ್ವಾ?

ಓದುಗರ ಪ್ರಶ್ನೆ: ನನ್ನ ಮಗನಿಗೆ 9 ವರ್ಷ. ಮೂರು ವರ್ಷದಿಂದ ಉಬ್ಬಸ ಇದೆ. ದಿನಾ ಎರಡು ಹೊತ್ತು ಪಫ್ ತೆಗೆದುಕೊಳ್ಳುತ್ತಾನೆ. ಆದರೂ ಮಳೆಗಾಲ ಬಂದರೆ ತಿಂಗಳಿಗೊಂದು ಸಲ ಆಸ್ಪತ್ರೆ ತಪ್ಪುವುದಿಲ್ಲ. ಕಳೆದ ವಾರ ಮೆಡಿಕಲ್ ಕಾಲೇಜ್ ಆಸ್ಪತ್ರೆಯಲ್ಲಿ ಡಾಕ್ಟರು, ‘ಹೊಸ ಔಷಧಿಯ ಸ್ಟಡಿ ನಡೀತಿದೆ, ನಿಮ್ಮ ಮಗನನ್ನೂ ಸೇರಿಸಬಹುದು’ ಅಂದರು. 14 ಪುಟದ ಫಾರ್ಮ್ ಕೊಟ್ಟಿದ್ದಾರೆ. ಕನ್ನಡದಲ್ಲೇ ಇದೆ, ಆದರೆ ಓದಿದರೆ ಅರ್ಥವಾಗುವುದಿಲ್ಲ. ನಮ್ಮ ಯಜಮಾನರು ಕೆಲಸದ ಮೇಲೆ ಪುಣೆಯಲ್ಲಿದ್ದಾರೆ. ಅತ್ತೆ ‘ಮಗೂನ ಪ್ರಯೋಗಕ್ಕೆ ಕೊಡ್ತೀಯಾ’ ಅಂತ ಅಳುತ್ತಾರೆ. ಮಗ ಸೂಜಿ ಅಂದರೆ ಓಡುತ್ತಾನೆ, ‘ನಾನು ಬರಲ್ಲ’ ಅಂತ ಕೂತಿದ್ದಾನೆ. ಬೇಡ ಅಂದರೆ ಈಗ ಸಿಗುತ್ತಿರುವ ಚಿಕಿತ್ಸೆ ನಿಂತುಬಿಡುತ್ತಾ? ಸಹಿ ಹಾಕಿದ ಮೇಲೆ ಮನಸ್ಸು ಬದಲಾದರೆ? ಏನು ಮಾಡಲಿ?

ಉತ್ತರ:

ಮೊದಲು ನಿಮ್ಮ ದೊಡ್ಡ ಭಯಕ್ಕೆ ಉತ್ತರ ಹೇಳಿಬಿಡುತ್ತೇನೆ. ಬೇಡ ಅಂದರೆ ನಿಮ್ಮ ಮಗನ ಚಿಕಿತ್ಸೆ ನಿಲ್ಲುವುದಿಲ್ಲ. ನಿಲ್ಲಿಸುವ ಹಾಗೂ ಇಲ್ಲ. ಅದೇ ಓಪಿಡಿ, ಅದೇ ಡಾಕ್ಟರು, ಅದೇ ಪಫ್ ಮುಂದುವರಿಯಬೇಕು. ಈ ಮಾತು ನಿಮ್ಮ ಕೈಯಲ್ಲಿರುವ ಫಾರ್ಮಿನಲ್ಲೇ ಬರೆದಿರಬೇಕು, ಹುಡುಕಿ ನೋಡಿ. ಯಾರಾದರೂ ಬಾಯಿಮಾತಿನಲ್ಲಿ ‘ಸೇರದಿದ್ದರೆ ಮುಂದೆ ಕಷ್ಟ ಆಗಬಹುದು’ ಅಂದಿದ್ದರೆ ಅದು ತಪ್ಪು. ಹಾಗೆ ಪಡೆದ ಸಹಿಯನ್ನು ಒಪ್ಪಿಗೆ ಅಂತ ಕರೆಯುವ ಹಾಗಿಲ್ಲ.

ಒತ್ತಡ ಹಾಕಲು ಜೋರು ಮಾಡಲೇಬೇಕು ಅಂತಿಲ್ಲ. ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್‌ನಲ್ಲಿ ವಿಲ್ಲೋಬ್ರೂಕ್ ಅಂತ ಒಂದು ಸರ್ಕಾರಿ ಸಂಸ್ಥೆ ಇತ್ತು. ಬುದ್ಧಿ ಬೆಳವಣಿಗೆ ಕಡಿಮೆ ಇದ್ದ ಮಕ್ಕಳನ್ನು ಅಲ್ಲಿ ಇರಿಸಿಕೊಳ್ಳುತ್ತಿದ್ದರು. 1956ರಲ್ಲಿ ಶುರುವಾಗಿ ಹತ್ತು ವರ್ಷಕ್ಕೂ ಹೆಚ್ಚು ಕಾಲ, ಅಲ್ಲಿನ ಕೆಲವು ಮಕ್ಕಳಿಗೆ ಬೇಕಂತಲೇ ಕಾಮಾಲೆ ತರುವ ಹೆಪಟೈಟಿಸ್ ವೈರಸ್ ಕೊಟ್ಟು ಅಧ್ಯಯನ ಮಾಡಿದರು. ತಂದೆ ತಾಯಿಯ ಸಹಿ ಇತ್ತು. ಆದರೆ 1964ರಲ್ಲಿ ಸಂಸ್ಥೆ ತುಂಬಿ, ಹೊಸ ಮಕ್ಕಳನ್ನು ತೆಗೆದುಕೊಳ್ಳುವುದು ನಿಂತಿತು. ಸಂಶೋಧನೆಯ ವಾರ್ಡಿನಲ್ಲಿ ಮಾತ್ರ ಜಾಗ ಇತ್ತು. ಮನೆಯಲ್ಲಿ ಮಗುವನ್ನು ನೋಡಿಕೊಂಡು ಸೋತುಹೋದ ತಾಯಿಗೆ ‘ಆ ವಾರ್ಡಿಗಾದರೆ ಸೇರಿಸಿಕೊಳ್ಳಬಹುದು’ ಅಂದರೆ ಆಕೆ ಏನು ಮಾಡುತ್ತಾಳೆ? ಯಾರೂ ಗದರಲಿಲ್ಲ. ಬೇರೆ ಬಾಗಿಲೆಲ್ಲ ಮುಚ್ಚಿತ್ತು, ಅಷ್ಟೇ. ನಿಮ್ಮ ಮುಂದೆ ಈಗಿನ ಚಿಕಿತ್ಸೆಯ ಬಾಗಿಲು ತೆರೆದೇ ಇದೆ. ಅದನ್ನು ನೆನಪಿಟ್ಟುಕೊಂಡು ಮುಂದಿನದನ್ನು ಓದಿ.

ಎರಡನೆಯ ಮಾತು. ಇನ್ನೂ ಸಹಿ ಹಾಕಬೇಡಿ. ಸ್ಟಡಿಗೆ ಸೇರಲೇಬೇಡಿ ಅನ್ನುತ್ತಿಲ್ಲ, ಇವತ್ತೇ ಬೇಡ ಅನ್ನುತ್ತಿದ್ದೇನೆ. ಫಾರ್ಮ್ ಮನೆಗೆ ತಂದಿದ್ದೀರಿ, ಅದು ಒಳ್ಳೆಯದಾಯಿತು. ಹೀಗೆ ಹೇಳಲು ನನಗೊಂದು ಕಾರಣ ಇದೆ.

ನಾನು ಪಿಜಿ ಓದುವಾಗ ನನ್ನ ಥೀಸಿಸ್‌ಗೆ ನಿಮೋನಿಯಾ ಆದ ಮಕ್ಕಳ ರಕ್ತ ಬೇಕಿತ್ತು. ಒಂದು ರಾತ್ರಿ ಡ್ಯೂಟಿ. ಸುಮಾರು ಒಂದು ಗಂಟೆ ಆಗಿರಬೇಕು. ತಾಯಿ ಮಂಚದ ಪಕ್ಕ ನೆಲದ ಮೇಲೆ ಕೂತು, ಡ್ರಿಪ್ ಹಾಕಿದ ಮಗುವಿನ ಕೈ ಅಲುಗದ ಹಾಗೆ ಹಿಡಿದುಕೊಂಡಿದ್ದಳು. ನಾನು ಕೇಸ್ ಶೀಟಿನೊಳಗಿಂದ ಇಂಗ್ಲಿಷ್ ಫಾರ್ಮ್ ತೆಗೆದೆ. ‘ಇಲ್ಲೊಂದು ಸಹಿ ಹಾಕಮ್ಮ, ಟೆಸ್ಟ್‌ಗೆ’ ಅಂದೆ. ಆಕೆ ಎಡಗೈ ಹೆಬ್ಬೆರಳು ಚಾಚಿದಳು. ಇಂಕ್ ಪ್ಯಾಡ್ ಒಣಗಿತ್ತು. ಪೆನ್ನಿನ ಇಂಕನ್ನೇ ಬೆರಳಿಗೆ ಬಳಿದು ಒತ್ತಿಸಿಕೊಂಡೆ. ಬೆಳಗ್ಗೆ ರೌಂಡ್ಸ್‌ಗೆ ಹೋದಾಗ ಆಕೆ ಎದ್ದು ನಿಂತು ಕೇಳಿದಳು: ‘ಡಾಕ್ಟ್ರಮ್ಮ, ರಾತ್ರಿ ಹೆಬ್ಬೆಟ್ಟು ಒತ್ತಿಸ್ಕೊಂಡ್ರಲ್ಲ, ಮಗೂಗೆ ಆಪ್ರೇಷನ್ ಯಾವಾಗ?’

ಇಡೀ ರಾತ್ರಿ ಆಕೆ ಆಪರೇಷನ್ ಅಂದುಕೊಂಡೇ ಕೂತಿದ್ದಳು. ಯಾರನ್ನೂ ಕೇಳುವ ಧೈರ್ಯ ಇರಲಿಲ್ಲ. ಮಗು ಹುಷಾರಾಗಿ ಮನೆಗೆ ಹೋಯಿತು, ನನ್ನ ಥೀಸಿಸ್ ಪಾಸಾಯಿತು, ಆ ಫಾರ್ಮ್ ಫೈಲಿನಲ್ಲಿ ಅಚ್ಚುಕಟ್ಟಾಗಿ ಕೂತಿತು. ಕಾಗದದ ಮೇಲೆ ಎಲ್ಲವೂ ಸರಿ ಇತ್ತು. ಒಪ್ಪಿಗೆ ಮಾತ್ರ ಇರಲಿಲ್ಲ. ಈಗ ಕೆಲವು ವರ್ಷಗಳಿಂದ ಒಂದು ಎಥಿಕ್ಸ್ ಕಮಿಟಿಯಲ್ಲಿ, ಅಂದರೆ ಸ್ಟಡಿಗೆ ಸೇರುವವರಿಗೆ ಅನ್ಯಾಯ ಆಗದ ಹಾಗೆ ಮೊದಲೇ ಪರಿಶೀಲಿಸಿ ಅನುಮತಿ ಕೊಡುವ ಸಮಿತಿಯಲ್ಲಿ, ಕೂರುತ್ತೇನೆ. ಯಾವ ಫಾರ್ಮ್ ನೋಡಿದರೂ ಕಣ್ಣ ಮುಂದೆ ಆ ತಾಯಿಯ ಬೆರಳೇ ಬರುತ್ತದೆ.

ಕನ್ನಡದಲ್ಲಿದ್ದರೂ ಅರ್ಥವಾಗಲಿಲ್ಲ ಅಂದಿರಿ. ಅದು ನಿಮ್ಮ ತಪ್ಪಲ್ಲ. ಎಷ್ಟೋ ಫಾರ್ಮ್‌ಗಳು ಇಂಗ್ಲಿಷ್‌ನಿಂದ ಪದಕ್ಕೆ ಪದ ಇಳಿಸಿದ ಕನ್ನಡದಲ್ಲಿರುತ್ತವೆ. ನಮ್ಮ ಕಮಿಟಿಗೆ ಬಂದ ಒಂದು ಫಾರ್ಮಿನಲ್ಲಿ ‘ನಿಮ್ಮ ಮಗುವನ್ನು ಯಾದೃಚ್ಛಿಕವಾಗಿ ಎರಡರಲ್ಲೊಂದು ಗುಂಪಿಗೆ ನಿಯೋಜಿಸಲಾಗುವುದು’ ಅಂತ ಇತ್ತು. ಕಮಿಟಿಯಲ್ಲಿ ಡಾಕ್ಟರಲ್ಲದ ಸಾಮಾನ್ಯ ಜನರ ಪರವಾಗಿ ಒಬ್ಬರು ಇರಲೇಬೇಕು ಅನ್ನುವುದು ನಿಯಮ. ನಮ್ಮಲ್ಲಿ ಅವರು ನಿವೃತ್ತ ಸ್ಕೂಲ್ ಮೇಷ್ಟ್ರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ‘ನನಗೇ ತಿಳೀಲಿಲ್ಲ, ಕೂಲಿ ಮಾಡೋ ತಾಯಿಗೆ ಏನು ತಿಳಿಯುತ್ತೆ?’ ಅಂದರು. ಆಮೇಲೆ ಅವರೇ ತಿದ್ದಿದರು: ‘ಚೀಟಿ ಎತ್ತಿದ ಹಾಗೆ, ನಿಮ್ಮ ಮಗುವಿಗೆ ಎರಡರಲ್ಲಿ ಒಂದು ಔಷಧಿ ಬರುತ್ತದೆ. ಯಾವುದು ಅಂತ ಡಾಕ್ಟರೂ ಆರಿಸುವ ಹಾಗಿಲ್ಲ.’ ಅರ್ಥವಾಗದ ಕಡೆ ಪೆನ್ಸಿಲ್‌ನಿಂದ ಗೆರೆ ಎಳೆಯಿರಿ. ಆಸ್ಪತ್ರೆಗೆ ಹೋದಾಗ ಒಂದೊಂದನ್ನೂ ತೋರಿಸಿ ಕೇಳಿ. ಬಿಡಿಸಿ ಹೇಳುವುದು ಅವರ ಕೆಲಸ. ನೀವು ಕೇಳಿದರೆ ಉಪಕಾರ ಬೇಡಿದ ಹಾಗೆ ಆಗುವುದಿಲ್ಲ.

ಈಗ ಒಂದು ಕೆಲಸ ಮಾಡಿ. ಮಗನ ಹಳೆಯ ನೋಟ್‌ಬುಕ್ಕಿನ ಒಂದು ಹಾಳೆ ತೆಗೆದು ನಡುವೆ ಗೆರೆ ಹಾಕಿ. ಎಡಗಡೆ, ಸ್ಟಡಿಗೆ ಸೇರದಿದ್ದರೂ ಅವನಿಗೆ ಆಗುವ ಚಿಕಿತ್ಸೆ ಬರೆಯಿರಿ. ಬಲಗಡೆ, ಸ್ಟಡಿಗೆ ಸೇರಿದ್ದಕ್ಕಾಗಿ ಮಾತ್ರ ಆಗುವುದನ್ನು ಬರೆಯಿರಿ. ಎಡಗಡೆ ಏನು ಬರುತ್ತದೆ ನಿಮಗೇ ಗೊತ್ತು: ದಿನದ ಪಫ್, ಜಾಸ್ತಿ ಆದಾಗ ಹಾಕುವ ಇನ್ನೊಂದು ಪಫ್, ತಿಂಗಳಿಗೋ ಎರಡು ತಿಂಗಳಿಗೋ ಚೆಕಪ್. ಉಬ್ಬಸದ ಸ್ಟಡಿಗಳಲ್ಲಿ ಬಲಗಡೆ ಸಾಮಾನ್ಯವಾಗಿ ಬರುವುದು ಇವು: ಹೊಸ ಔಷಧಿ, ಹೆಚ್ಚಿನ ರಕ್ತ ಪರೀಕ್ಷೆಗಳು, ಪ್ರತಿ ಸಲ ಮೆಷಿನ್ನಿಗೆ ಜೋರಾಗಿ ಊದುವುದು, ದಿನಾ ಡೈರಿ ಬರೆಯುವುದು, ಹೆಚ್ಚು ಸಲ ಆಸ್ಪತ್ರೆಗೆ ಬರುವುದು, ಅದಕ್ಕಾಗಿ ಅವನ ಸ್ಕೂಲು, ನಿಮ್ಮ ಕೆಲಸ ತಪ್ಪುವುದು. ನಿಮ್ಮ ಸ್ಟಡಿಯಲ್ಲಿ ಇವುಗಳಲ್ಲಿ ಯಾವುದು ಎಷ್ಟು ಸಲ ಅನ್ನುವುದು ಆ 14 ಪುಟಗಳಲ್ಲೇ ಇರಬೇಕು.

ನೀವು ಯೋಚನೆ ಮಾಡಬೇಕಾದದ್ದು ಆ ಬಲಗಡೆಯ ಪಟ್ಟಿಯ ಬಗ್ಗೆ ಮಾತ್ರ. ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ‘ನಮ್ಮ ಡಾಕ್ಟ್ರು ಹೇಳಿದ್ದಾರೆ ಅಂದಮೇಲೆ ನಮ್ಮ ಮಗೂಗೆ ಒಳ್ಳೇದಕ್ಕೇ’ ಅಂತ ನಾವು ನಂಬಿಬಿಡುತ್ತೇವೆ. ಚಿಕಿತ್ಸೆಯಲ್ಲಿ ಅದು ನಿಜ. ಅಲ್ಲಿ ಡಾಕ್ಟರು ನಿಮ್ಮ ಮಗನೊಬ್ಬನನ್ನೇ ನೋಡಿ ಔಷಧಿ ಆರಿಸುತ್ತಾರೆ. ಸ್ಟಡಿಯಲ್ಲಿ ಔಷಧಿ ಆರಿಸುವುದು ಕಂಪ್ಯೂಟರಿನ ಚೀಟಿ. ಕೆಲವು ಸ್ಟಡಿಗಳಲ್ಲಿ ಒಂದು ಗುಂಪಿಗೆ ಪ್ಲಾಸಿಬೊ ಕೊಡುತ್ತಾರೆ, ಅಂದರೆ ನೋಡಲು ಔಷಧಿಯ ಹಾಗೇ ಇದ್ದು ಒಳಗೆ ಔಷಧಿ ಇಲ್ಲದ್ದು. ಅಲ್ಲಿ ಹುಡುಕುತ್ತಿರುವ ಉತ್ತರ ಮುಂದೆ ಬರುವ ಮಕ್ಕಳಿಗೆ ಬೇಕಾದದ್ದು. ನಿಮ್ಮ ಮಗನಿಗೂ ಲಾಭ ಆಗಬಹುದು, ಆಗದೆಯೂ ಇರಬಹುದು. ಅದು ಮೊದಲೇ ಗೊತ್ತಿದ್ದರೆ ಸ್ಟಡಿಯೇ ಬೇಕಿರಲಿಲ್ಲ, ಅಲ್ವಾ?

ಹಾಗಾಗಿ ಈ ಎರಡು ಪ್ರಶ್ನೆ ಮರೆಯದೆ ಕೇಳಿ. ಸ್ಟಡಿ ನಡೆಯುವಾಗ ಅವನ ಈಗಿನ ದಿನದ ಪಫ್ ಮುಂದುವರಿಯುತ್ತಾ, ನಿಲ್ಲಿಸುತ್ತಾರಾ? ರಾತ್ರಿ ಎರಡು ಗಂಟೆಗೆ ಉಬ್ಬಸ ಜೋರಾದರೆ ಯಾವ ಪಫ್ ಹಾಕಬೇಕು, ಯಾರಿಗೆ ಫೋನ್ ಮಾಡಬೇಕು? ಆ ನಂಬರ್ ಫಾರ್ಮಿನಲ್ಲಿ ಇರಬೇಕು, ಮತ್ತು ಅದನ್ನು ಯಾರಾದರೂ ಎತ್ತಬೇಕು. ಒಂದು ಸಲ ಸುಮ್ನೆ ಫೋನ್ ಮಾಡಿ ನೋಡಿ.

ಅತ್ತೆಯವರ ವಿಷಯ. ದಯವಿಟ್ಟು ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಅವರ ಭಯಕ್ಕೆ ಕಾರಣ ಇದೆ, ಅದೂ ದೂರದ ಊರಿನದಲ್ಲ. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ, ಗುಜರಾತಿನ ವಡೋದರದಲ್ಲೂ, 10ರಿಂದ 14 ವರ್ಷದ ಸಾವಿರಾರು ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಹಾಕಿ ಒಂದು ಅಧ್ಯಯನ ನಡೆಯಿತು. ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆ ಅದು. ನಡೆಸಿದ್ದು ಪಾತ್ ಅನ್ನುವ ಅಮೆರಿಕದ ಸಂಸ್ಥೆ. ಜೊತೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಮತ್ತು ಆ ರಾಜ್ಯ ಸರ್ಕಾರಗಳೂ ಇದ್ದವು. ಖಮ್ಮಂನ ಹುಡುಗಿಯರಲ್ಲಿ ಎಷ್ಟೋ ಮಂದಿ ಆದಿವಾಸಿ ಮಕ್ಕಳು. ತಂದೆ ತಾಯಿ ಊರಲ್ಲಿ, ಮಕ್ಕಳು ಆಶ್ರಮ ಶಾಲೆಯ ಹಾಸ್ಟೆಲಿನಲ್ಲಿ.

ಒಪ್ಪಿಗೆ ಫಾರ್ಮಿಗೆ ಸಹಿ ಮಾಡಿದವರು ಯಾರು? 2013ರ ಸಂಸದೀಯ ಸಮಿತಿಯ ವರದಿಯಲ್ಲಿ ಆ ಲೆಕ್ಕ ಇದೆ. ಆಂಧ್ರದ 9,543 ಫಾರ್ಮ್‌ಗಳಲ್ಲಿ 2,763ಕ್ಕೆ ಹಾಸ್ಟೆಲ್ ವಾರ್ಡನ್‌ಗಳೇ ಸಹಿ ಹಾಕಿದ್ದರು. 1,948ರಲ್ಲಿ ಹೆಬ್ಬೆಟ್ಟಿನ ಗುರುತು. ನೂರಾರು ಹುಡುಗಿಯರಿಗೆ ಒಬ್ಬರೇ ವಾರ್ಡನ್ ಕೂತು ಸಾಲಾಗಿ ಸಹಿ ಹಾಕುವುದನ್ನು ಕಣ್ಣಿಗೆ ತಂದುಕೊಳ್ಳಿ. ಆ ಅವಧಿಯಲ್ಲಿ ಏಳು ಹುಡುಗಿಯರು ತೀರಿಕೊಂಡ ಸುದ್ದಿ ಹೊರಬಂತು. 2010ರ ಏಪ್ರಿಲ್‌ನಲ್ಲಿ ಸ್ಟಡಿ ನಿಂತಿತು. ಆ ಸಾವುಗಳಿಗೆ ಲಸಿಕೆ ಕಾರಣ ಅಲ್ಲ ಅನ್ನುವ ಕಡೆಗೇ ತನಿಖೆ ವಾಲಿತು. ಲಸಿಕೆಯೂ ಒಳ್ಳೆಯದೇ. ನನ್ನ ಹತ್ತಿರ ಬರುವ ಹುಡುಗಿಯರಿಗೆ ನಾನೇ ಅದನ್ನು ಬರೆದುಕೊಡುತ್ತೇನೆ. ಆದರೆ ಮಗಳನ್ನು ಕಳೆದುಕೊಂಡ ತಾಯಿಗೆ ‘ಲಸಿಕೆಯಿಂದ ಅಲ್ಲಮ್ಮ’ ಅಂತ ಹೇಳಿದರೆ ಅವಳು ಹೇಗೆ ನಂಬಬೇಕು? ಲಸಿಕೆ ಹಾಕುತ್ತೇವೆ ಅಂತಲೇ ಅವಳಿಗೆ ಯಾರೂ ಹೇಳಿರದಿದ್ದರೆ? ಒಪ್ಪಿಗೆ ಕೇಳದೆ ಹೋದರೆ ಒಳ್ಳೆಯ ಔಷಧಿಯ ಹೆಸರೂ ಕೆಡುತ್ತದೆ. ಆ ಲಸಿಕೆಯ ಬಗ್ಗೆ ಜನರ ಮನಸ್ಸಿನಲ್ಲಿ ಉಳಿದ ಅನುಮಾನವನ್ನು ನಾನು ಇವತ್ತಿಗೂ ಓಪಿಡಿಯಲ್ಲಿ ಕಾಣುತ್ತೇನೆ.

ಇಷ್ಟೆಲ್ಲ ಇದ್ದರೆ ಮಕ್ಕಳ ಮೇಲೆ ಸಂಶೋಧನೆಯೇ ಬೇಡ ಅನ್ನಬಹುದಲ್ಲ? ಅದೂ ಆಗುವುದಿಲ್ಲ. ಅತ್ತೆಯವರಿಗೆ ಇದನ್ನೂ ಓದಿ ಹೇಳಿ. 1950ರ ದಶಕದಲ್ಲಿ ಎಳೆ ಕೂಸುಗಳಿಗೆ ಸೋಂಕು ಆಗದಿರಲಿ ಅಂತ ಕ್ಲೋರಾಂಫೆನಿಕಾಲ್ ಅನ್ನುವ ಆ್ಯಂಟಿಬಯಾಟಿಕ್ ಕೊಡುತ್ತಿದ್ದರು. ಡೋಸ್ ಲೆಕ್ಕ ಹಾಕಿದ್ದು ದೊಡ್ಡವರನ್ನು ನೋಡಿ. ಆಗ ತಾನೇ ಹುಟ್ಟಿದ ಮಗುವಿನ ಲಿವರ್ ಆ ಔಷಧಿಯನ್ನು ಹೊರಹಾಕುವಷ್ಟು ಬಲಿತಿರುವುದಿಲ್ಲ. ಔಷಧಿ ಮೈಯಲ್ಲೇ ಉಳಿದು, ಕೂಸುಗಳು ಬೂದು ಬಣ್ಣಕ್ಕೆ ತಿರುಗಿ ಸತ್ತವು. ಮಕ್ಕಳು ಅಂದರೆ ಚಿಕ್ಕ ಸೈಜಿನ ದೊಡ್ಡವರಲ್ಲ ಅಂತ ಡಾಕ್ಟರುಗಳು ಕಲಿತದ್ದು ಇಂಥ ಸಾವುಗಳಿಂದ. ಮಕ್ಕಳಲ್ಲಿ ಸರಿಯಾಗಿ ಪರೀಕ್ಷೆ ಮಾಡದ ಔಷಧಿಯನ್ನು ಮಕ್ಕಳಿಗೆ ಕೊಟ್ಟರೆ ಅದೂ ಪ್ರಯೋಗವೇ. ಯಾರ ಒಪ್ಪಿಗೆಯೂ ಇಲ್ಲದ, ಯಾರೂ ಲೆಕ್ಕ ಇಡದ ಪ್ರಯೋಗ.

ಸರಿಯಾಗಿ ನಡೆದದ್ದೂ ನಮ್ಮ ದೇಶದಲ್ಲೇ ಇದೆ. ವಾಂತಿ ಭೇದಿ ತರುವ ರೋಟಾವೈರಸ್‌ಗೆ ಇಲ್ಲೇ ತಯಾರಾದ ರೋಟಾವ್ಯಾಕ್ ಲಸಿಕೆಯನ್ನು ದೆಹಲಿ, ಪುಣೆ, ವೆಲ್ಲೂರಿನಲ್ಲಿ 6,799 ಕೂಸುಗಳ ಮೇಲೆ ಪರೀಕ್ಷಿಸಿದರು. ರೋಟಾವೈರಸ್ ಹನಿ 2016ರಿಂದ ಹಂತ ಹಂತವಾಗಿ ಸರ್ಕಾರದ ಲಸಿಕೆ ಪಟ್ಟಿಗೆ ಸೇರಿತು. ಅಷ್ಟು ಸಾವಿರ ತಾಯಂದಿರು ಒಪ್ಪಿಕೊಂಡಿದ್ದರಿಂದ ಇವತ್ತು ಎಷ್ಟೋ ಕೂಸುಗಳು ಡ್ರಿಪ್ ಹಾಕಿಸಿಕೊಳ್ಳದೆ ಮನೆಯಲ್ಲಿವೆ. ಕೋವಿಡ್ ಸಮಯದಲ್ಲಿ, 2021ರಲ್ಲಿ, ಕೊವ್ಯಾಕ್ಸಿನ್ ಅನ್ನು 2ರಿಂದ 18 ವರ್ಷದ 525 ಮಕ್ಕಳಲ್ಲಿ ಪರೀಕ್ಷಿಸಿದಾಗ, ಮೊದಲು ದೊಡ್ಡ ಮಕ್ಕಳು, ಆಮೇಲೆ ಅವರಿಗಿಂತ ಚಿಕ್ಕವರು, ಕೊನೆಗೆ ತೀರಾ ಚಿಕ್ಕವರು, ಹೀಗೆ ಇಳಿಯುತ್ತಾ ಹೋದರು. ಅದೇ ಸರಿಯಾದ ಕ್ರಮ. ನಿಮ್ಮ ಡಾಕ್ಟರನ್ನೂ ಕೇಳಿ: ಈ ಔಷಧಿಯನ್ನು ದೊಡ್ಡವರಲ್ಲಿ ನೋಡಿದ್ದಾರಾ? ಇವನಿಗಿಂತ ದೊಡ್ಡ ಮಕ್ಕಳಲ್ಲಿ? ಏನೇನು ತೊಂದರೆ ಕಂಡಿತು?

ಈಗ ನಿಮ್ಮ ಮಗನ ‘ನಾನು ಬರಲ್ಲ’ಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಅದೇ. ನೀವು ಅದನ್ನು ನಡುವೆ ಎಲ್ಲೋ ಬರೆದಿದ್ದೀರಿ.

ಅವನ ಮಾತಿಗೆ ನಿಯಮದಲ್ಲೇ ಜಾಗ ಇದೆ. ಮಕ್ಕಳ ಸಂಶೋಧನೆಗೆ ಅಂತಲೇ ಐಸಿಎಂಆರ್ 2017ರಲ್ಲಿ ಬೇರೆ ಮಾರ್ಗಸೂಚಿ ತಂದಿದೆ. 18 ತುಂಬುವವರೆಗೆ ಕಾನೂನಿನ ಒಪ್ಪಿಗೆ ಕೊಡಬೇಕಾದವರು ತಂದೆ ತಾಯಿ. ಆದರೆ 7 ವರ್ಷ ದಾಟಿದ ಮಗುವನ್ನೂ ಕೇಳಬೇಕು. 7ರಿಂದ 12ರವರೆಗೆ ಬಾಯಿಮಾತಿನ ಒಪ್ಪಿಗೆ, ತಂದೆ ಅಥವಾ ತಾಯಿಯ ಎದುರಿಗೆ. 12 ದಾಟಿದರೆ ಬರವಣಿಗೆಯಲ್ಲಿ, ಅವರ ವಯಸ್ಸಿಗೆ ಅರ್ಥವಾಗುವ ಬೇರೆ ಫಾರ್ಮಿನಲ್ಲಿ. ಆಸ್ಪತ್ರೆಯವರು ಇದಕ್ಕೆ ಅಸೆಂಟ್ ಅನ್ನುತ್ತಾರೆ. ನಿಮ್ಮ ಮಗನಿಗೆ 9. ಅವನ ಹತ್ತಿರ ಯಾರಾದರೂ ಕೂತು ಮಾತಾಡಿದರಾ? ಇಲ್ಲದಿದ್ದರೆ ಅವರ ಕೆಲಸ ಇನ್ನೂ ಅರ್ಧ ಬಾಕಿ ಇದೆ.

ಅವನು ಬೇಡ ಅಂದರೆ? ಆ ‘ಬೇಡ’ವನ್ನು ಗೌರವಿಸಬೇಕು. ಪಕ್ಕಕ್ಕಿಡಬಹುದಾದ ಸಂದರ್ಭ ತೀರಾ ಅಪರೂಪ. ಮಗುವಿಗೆ ತುಂಬಾ ಅಗತ್ಯವಾದ ಔಷಧಿ ಆ ಸ್ಟಡಿ ಬಿಟ್ಟು ಬೇರೆಲ್ಲೂ ಸಿಗದಿದ್ದಾಗ, ತಂದೆ ತಾಯಿಯ ಜೊತೆ ಎಥಿಕ್ಸ್ ಕಮಿಟಿಯೂ ಒಪ್ಪಿದಾಗ ಮಾತ್ರ. ಉಬ್ಬಸಕ್ಕೆ ಬೇರೆ ಔಷಧಿಗಳಿವೆ. ಹಾಗಾಗಿ ನಿಮ್ಮ ಮಗನ ‘ಬೇಡ’ ನಿಲ್ಲುತ್ತದೆ ಅಂತಲೇ ನನ್ನ ತಿಳಿವಳಿಕೆ.

ಆದರೆ ಅವನು ಯಾವುದಕ್ಕೆ ಬೇಡ ಅನ್ನುತ್ತಿದ್ದಾನೆ ಅಂತ ಮೊದಲು ಕೇಳಿ. ನನ್ನ ಹತ್ತಿರ ಒಬ್ಬ ಹುಡುಗ ಬಂದಿದ್ದ, ಅವನಿಗೂ ಇಷ್ಟೇ ವಯಸ್ಸು. ಸ್ಟಡಿ ಅಂದರೆ ಮುಖ ಆ ಕಡೆ ತಿರುಗಿಸಿ ಕೂತ. ಅವರಪ್ಪ ಗದರಿದರು. ಅಪ್ಪನನ್ನು ಸ್ವಲ್ಪ ಹೊತ್ತು ಸುಮ್ಮನಿರಲು ಹೇಳಿ, ಕೇಳಿದೆ: ‘ಯಾವುದು ಬೇಡ ಪುಟ್ಟಾ?’ ತುಂಬಾ ಹೊತ್ತಿನ ಮೇಲೆ ಕೇಳಿದ: ‘ರಕ್ತ ತೆಗೆದ್ರೆ ಮತ್ತೆ ತುಂಬಿಸ್ತೀರಾ?’ ತೆಗೆದ ರಕ್ತ ಹೋಗಿಯೇಬಿಡುತ್ತದೆ, ಹೀಗೆ ತೆಗೆಯುತ್ತಾ ಹೋದರೆ ಒಂದು ದಿನ ಖಾಲಿಯಾಗುತ್ತದೆ ಅಂತ ಅವನ ಲೆಕ್ಕ. ರಕ್ತ ಹಾಕುವ ಪುಟ್ಟ ಟ್ಯೂಬು ತರಿಸಿ ಅವನ ಕೈಗೆ ಕೊಟ್ಟೆ. ಸಿಸ್ಟರ್ ಹತ್ತಿರ ಒಂದು ಟೀ ಚಮಚ ಕೇಳಿ ಅದಕ್ಕೆ ನೀರು ಹಾಕಿ ತೋರಿಸಿದೆ. 5 ಎಂಎಲ್ ಅಂದರೆ ಇಷ್ಟು. ಮಕ್ಕಳ ಮೈಯಲ್ಲಿ ಒಂದು ಕೆಜಿ ತೂಕಕ್ಕೆ ಸುಮಾರು 75ರಿಂದ 80 ಎಂಎಲ್ ರಕ್ತ ಇರುತ್ತದೆ. 25 ಕೆಜಿಯ ಹುಡುಗನಲ್ಲಿ ಹತ್ತಿರ ಹತ್ತಿರ ಎರಡು ಲೀಟರ್. ‘ನೀರಿನ ಎರಡು ಬಾಟಲಿ ಇದೆ ನಿನ್ನ ಹತ್ರ, ಅದರಲ್ಲಿ ಒಂದು ಚಮಚ. ಅದನ್ನೂ ನಿನ್ನ ಮೈ ಮತ್ತೆ ಮಾಡ್ಕೊಳ್ಳುತ್ತೆ’ ಅಂದೆ. ಅವನು ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿದ. ‘ಎಷ್ಟು ಸಲ?’ ಅಂದ. ನಾಲ್ಕು ಸಲ ಅಂದೆ. ಬೆರಳು ಮಡಚಿ ಎಣಿಸಿ, ಆಯ್ತು ಅಂದ. ಅವತ್ತು ಆ ಸ್ಟಡಿಯ ಬಗ್ಗೆ ಅವರಪ್ಪ ಒಂದೇ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ನಿಮ್ಮ ಮಗನ ಭಯ ಬರೀ ಸೂಜಿಯದ್ದಾದರೆ, ಚರ್ಮ ಮರಗಟ್ಟಿಸುವ ಕ್ರೀಮ್ ಇದೆ. ರಕ್ತ ತೆಗೆಯುವ ಜಾಗಕ್ಕೆ ಸುಮಾರು ಒಂದು ಗಂಟೆ ಮುಂಚೆ ಹಚ್ಚಬೇಕು. ಹಚ್ಚುತ್ತಾರಾ ಅಂತ ಕೇಳಿ. ಮೂರು ವರ್ಷದ ಆಸ್ಪತ್ರೆ ಸಾಕಾಗಿ ಅವನು ಬೇಡ ಅನ್ನುತ್ತಿದ್ದರೆ, ಅದು ಪೂರ್ತಿ ಬೇರೆ ಮಾತು. ಆಗ ಒಲಿಸುವುದಕ್ಕೆ ಹೋಗಬೇಡಿ.

ಸೈಕಲ್ ಕೊಡಿಸುತ್ತೇನೆ ಅಂತ ಆಸೆ ತೋರಿಸಬೇಡಿ. ‘ಸೂಜಿ ಇಲ್ಲ ಕಂದಾ’ ಅಂತ ಸುಳ್ಳು ಹೇಳಿ ಕರೆದುಕೊಂಡು ಹೋಗಲೇಬೇಡಿ. ಒಂದು ಸಲ ಹಾಗೆ ಮಾಡಿದರೆ ಮುಂದೆ ನಿಜವಾಗಿ ಬೇಕಾದ ಇಂಜೆಕ್ಷನ್ನಿಗೂ ಅವನು ನಿಮ್ಮನ್ನು ನಂಬುವುದಿಲ್ಲ. ಎಲ್ಲ ಹೇಳಿದ ಮೇಲೆ ಅವನ ಬಾಯಿಂದಲೇ ಕೇಳಿ: ‘ಅಜ್ಜಿಗೆ ಹೇಳು ನೋಡೋಣ, ಅಲ್ಲಿ ಏನು ಮಾಡ್ತಾರಂತೆ?’ ಅವನು ಅಜ್ಜಿಗೆ ಹೇಳುವುದನ್ನು ಕೇಳಿಸಿಕೊಂಡರೆ ಅವನಿಗೆ ಎಷ್ಟು ಅರ್ಥವಾಗಿದೆ ಅಂತ ನಿಮಗೆ ಗೊತ್ತಾಗುತ್ತದೆ.

ಇನ್ನು ಸಹಿ ಯಾರದು ಅನ್ನುವುದು. ಮಗುವಿಗೆ ನೇರ ಲಾಭ ಆಗುವ ಸಾಧ್ಯತೆ ಇದ್ದರೆ, ಅಥವಾ ಅಪಾಯ ತೀರಾ ಕಡಿಮೆ ಇದ್ದರೆ, ಸಾಮಾನ್ಯವಾಗಿ ಒಬ್ಬರ ಸಹಿ ಸಾಕು. ಅಪಾಯ ಅದಕ್ಕಿಂತ ಜಾಸ್ತಿ ಇದ್ದರೆ, ಅಥವಾ ಮಗುವಿಗೆ ಲಾಭವೇ ಇಲ್ಲದಿದ್ದರೆ, ಇಬ್ಬರದೂ ಬೇಕಾಗಬಹುದು. ನಿಮ್ಮ ಸ್ಟಡಿಗೆ ಯಾವುದು ಅಂತ ಎಥಿಕ್ಸ್ ಕಮಿಟಿ ಮೊದಲೇ ತೀರ್ಮಾನ ಮಾಡಿರುತ್ತದೆ, ಕೇಳಿ. ಒಬ್ಬರದೇ ಸಾಕು ಅಂದರೂ ಯಜಮಾನರಿಗೆ ಫಾರ್ಮಿನ ಫೋಟೊ ಕಳಿಸಿ. ಡಾಕ್ಟರ ಹತ್ತಿರ ಕೂತಾಗ ವಿಡಿಯೊ ಕಾಲ್‌ನಲ್ಲಿ ಅವರೂ ಇರಲಿ. ನೀವೊಬ್ಬರೇ ಈ ಭಾರ ಹೊರಬೇಕಿಲ್ಲ. ತಂದೆ ತಾಯಿ ಇರುವಾಗ ಅಜ್ಜಿ, ಚಿಕ್ಕಪ್ಪ, ಹೆಡ್‌ಮಾಸ್ಟರ್ ಇವರ ಸಹಿ ನಡೆಯುವುದಿಲ್ಲ. ಸ್ಕೂಲು ತನ್ನ ಆವರಣದಲ್ಲಿ ಸ್ಟಡಿ ನಡೆಸಲು ಅನುಮತಿ ಕೊಡಬಹುದು, ನಿಮ್ಮ ಮಗನ ಪರವಾಗಿ ಒಪ್ಪಿಗೆ ಕೊಡುವ ಹಾಗಿಲ್ಲ. ಓದಲು ಬಾರದ ತಂದೆ ತಾಯಿಯಾದರೆ, ಸ್ಟಡಿಗೆ ಸಂಬಂಧ ಇಲ್ಲದ ಒಬ್ಬ ಸಾಕ್ಷಿ ಶುರುವಿನಿಂದ ಕೊನೆಯವರೆಗೆ ಜೊತೆಗಿದ್ದು ಸಹಿ ಹಾಕಬೇಕು. ನನ್ನ ಥೀಸಿಸ್‌ನ ಆ ರಾತ್ರಿ ಅಂಥವರು ಯಾರೂ ಇರಲಿಲ್ಲ.

ಕ್ಯಾಮೆರಾ ಇಟ್ಟು ರೆಕಾರ್ಡ್ ಮಾಡುತ್ತೇವೆ ಅಂದರೆ ಗಾಬರಿಯಾಗಬೇಡಿ. ಪೂರ್ತಿ ಹೊಸ ಔಷಧಿಯ ಟ್ರಯಲ್‌ನಲ್ಲಿ ಮಕ್ಕಳಿದ್ದರೆ, ಒಪ್ಪಿಗೆ ಕೇಳುವ ಮಾತುಕತೆಯನ್ನು ವಿಡಿಯೊ ಮಾಡಲೇಬೇಕು ಅನ್ನುವುದು ನಿಯಮ. ಅದು ನಿಮ್ಮ ರಕ್ಷಣೆಗೇ ಇರುವುದು. ನಿಮಗೆ ವಿವರಿಸಿದರಾ, ನೀವು ಏನು ಕೇಳಿದಿರಿ, ಅವರು ಏನು ಹೇಳಿದರು, ಎಲ್ಲ ಅದರಲ್ಲಿ ಉಳಿಯುತ್ತದೆ. ಕ್ಯಾಮೆರಾ ಆನ್ ಇದ್ದಾಗಲೇ ನಿಮ್ಮ ಪ್ರಶ್ನೆಗಳನ್ನೆಲ್ಲ ಕೇಳಿ.

ಏನಾದರೂ ಹೆಚ್ಚು ಕಡಿಮೆ ಆದರೆ? 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಟ್ರಯಲ್ ನಡೆಯುವಾಗ ಮಗುವಿಗೆ ತೊಂದರೆ ಆದರೆ ಉಚಿತ ಚಿಕಿತ್ಸೆ ಕೊಡಬೇಕು. ಆ ತೊಂದರೆಗೆ ಟ್ರಯಲ್ ಕಾರಣ ಅಲ್ಲ ಅಂತ ಖಚಿತವಾಗುವವರೆಗೂ ಅದನ್ನು ನಿಲ್ಲಿಸುವ ಹಾಗಿಲ್ಲ. ಟ್ರಯಲ್ಲಿನಿಂದಲೇ ಆಗಿದ್ದರೆ ಪರಿಹಾರದ ಹಣವೂ ಬೇರೆ. ಜೀವಕ್ಕೇ ಕುತ್ತಾದರೆ 8 ಲಕ್ಷವನ್ನು ಮೂಲವಾಗಿ ಇಟ್ಟುಕೊಂಡು, ವಯಸ್ಸು ಮತ್ತು ಕಾಯಿಲೆಯ ಗಂಭೀರತೆ ನೋಡಿ ಲೆಕ್ಕ ಹಾಕುತ್ತಾರೆ. ತಾಯಿಗೆ ಇದನ್ನು ಬರೆಯಲು ಕೈ ಬರುವುದಿಲ್ಲ. ಆದರೆ ಗೊತ್ತಿರಬೇಕು, ಅದಕ್ಕೇ ಬರೆದೆ.

ಬಸ್ ಚಾರ್ಜು, ನಿಮ್ಮ ಒಂದು ದಿನದ ಕೂಲಿ, ಊಟ ಇವನ್ನು ಕೊಟ್ಟರೆ ತೆಗೆದುಕೊಳ್ಳಿ, ಅದು ಸರಿಯಾದದ್ದೇ. ಅದನ್ನು ಮೀರಿ ಕೈಗೆ ದುಡ್ಡು ಇಡಲು ಬಂದರೆ ಎಚ್ಚರ. ಟ್ರಯಲ್ ಸಿಟಿಆರ್‌ಐ ಅನ್ನುವ ದೇಶದ ರಿಜಿಸ್ಟ್ರಿಯಲ್ಲಿ ದಾಖಲಾಗಿರಬೇಕು. ಆ ನಂಬರ್ ಕೇಳಿ ತೆಗೆದುಕೊಳ್ಳಿ. ಯಾರು ಬೇಕಾದರೂ ಅದನ್ನು ಹಾಕಿ ಇಂಟರ್‌ನೆಟ್‌ನಲ್ಲಿ ವಿವರ ನೋಡಬಹುದು. ಸಹಿ ಮಾಡಿದ ಫಾರ್ಮಿನ ಒಂದು ಪ್ರತಿ ನಿಮ್ಮ ಕೈಗೆ ಬರಬೇಕು, ಅದರಲ್ಲಿ ಎಥಿಕ್ಸ್ ಕಮಿಟಿಯ ಫೋನ್ ನಂಬರ್ ಇರಬೇಕು. ಆ ಕಮಿಟಿಗೆ ಡಾಕ್ಟರನ್ನು ಕೇಳದೆಯೇ ನೀವು ಫೋನ್ ಮಾಡಬಹುದು. ಉಳಿದ ರಕ್ತವನ್ನು ಮುಂದಿನ ಸಂಶೋಧನೆಗೆ ಇಟ್ಟುಕೊಳ್ಳುತ್ತೇವೆ ಅಂತ ಇದ್ದರೆ ಅದಕ್ಕೆ ಬೇರೆಯಾಗಿ ಹೌದು ಅಥವಾ ಇಲ್ಲ ಹೇಳಿ.

ಸಹಿ ಹಾಕಿದ ಮೇಲೆ ಮನಸ್ಸು ಬದಲಾದರೆ ಹೊರಗೆ ಬರಬಹುದು. ಯಾವಾಗ ಬೇಕಾದರೂ, ಕಾರಣ ಹೇಳದೆ. ಒಂದೇ ಎಚ್ಚರಿಕೆ. ಉಬ್ಬಸದ ಔಷಧಿಯನ್ನು ಮನೆಯಲ್ಲೇ ತಟ್ಟಂತ ನಿಲ್ಲಿಸಬೇಡಿ. ಹೋಗಿ ‘ನಾವು ಬಿಡ್ತೀವಿ’ ಅಂತ ಹೇಳಿ, ಹಳೆಯ ಔಷಧಿಗೆ ಸುರಕ್ಷಿತವಾಗಿ ಹೇಗೆ ಮರಳುವುದು ಅಂತ ಬರೆಸಿಕೊಂಡು ಬನ್ನಿ. ಮತ್ತೆ, ಸ್ಟಡಿ ಮುಗಿದ ಮೇಲೆ ಔಷಧಿ ಅವನಿಗೆ ಒಗ್ಗಿದ್ದರೆ ಮುಂದೆಯೂ ಸಿಗುತ್ತಾ, ಯಾರ ಖರ್ಚಿನಲ್ಲಿ ಅಂತ ಈಗಲೇ ಕೇಳಿ. ಇದನ್ನು ತುಂಬಾ ಜನ ಮರೆಯುತ್ತಾರೆ. ಆಮೇಲೆ ಸಂಕಟ ಪಡುತ್ತಾರೆ.

ನನ್ನ ಅಭಿಪ್ರಾಯ ಕೇಳಿದಿರಿ, ಹೇಳುತ್ತೇನೆ. ನನ್ನ ಮಗನೇ ಆಗಿದ್ದರೆ, ಹೊಸ ಔಷಧಿಗಿಂತ ಮೊದಲು ಹಳೆಯದು ಅವನ ಶ್ವಾಸಕೋಶಕ್ಕೆ ಸರಿಯಾಗಿ ಹೋಗುತ್ತಿದೆಯಾ ಅಂತ ನೋಡುತ್ತಿದ್ದೆ. ದಿನಾ ಪಫ್ ತೆಗೆದುಕೊಂಡೂ ಪದೇಪದೇ ಆಸ್ಪತ್ರೆಗೆ ಬರುವ ಮಕ್ಕಳಲ್ಲಿ ಎಷ್ಟೋ ಸಲ ತೊಂದರೆ ಇರುವುದು ತೆಗೆದುಕೊಳ್ಳುವ ರೀತಿಯಲ್ಲಿ. ಸ್ಪೇಸರ್, ಅಂದರೆ ಪಫ್ಫಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ, ಇಲ್ಲದೆ ಬಾಯಿಗೆ ನೇರ ಹೊಡೆಯುವುದು, ಕ್ಯಾನ್ ಅಲ್ಲಾಡಿಸದೆ ಒತ್ತುವುದು, ಖಾಲಿಯಾದದ್ದು ಗೊತ್ತಾಗದೆ ಅದನ್ನೇ ಬಳಸುವುದು, ಚೆನ್ನಾಗಿದ್ದಾನೆ ಅಂತ ನಡುವೆ ಬಿಡುವುದು. ಮನೆಯಲ್ಲಿ ಸೌದೆ ಒಲೆಯ ಹೊಗೆ, ಬೀಡಿ ಸಿಗರೇಟು, ಮಳೆಗಾಲದಲ್ಲಿ ಗೋಡೆಗೆ ಹಿಡಿಯುವ ಬೂಸ್ಟು ಇದ್ದರೂ ಅಷ್ಟೇ. ಮುಂದಿನ ಸಲ ಪಫ್, ಸ್ಪೇಸರ್ ಎರಡನ್ನೂ ತೆಗೆದುಕೊಂಡು ಹೋಗಿ, ಡಾಕ್ಟರ ಎದುರಿಗೇ ಅವನ ಕೈಯಲ್ಲಿ ಮಾಡಿಸಿ ತೋರಿಸಿ. ಇದೆಲ್ಲ ಸರಿ ಇದ್ದೂ ಉಬ್ಬಸ ಹತೋಟಿಗೆ ಬರುತ್ತಿಲ್ಲ ಅಂದರೆ, ಆಗ ಸ್ಟಡಿಯ ಬಗ್ಗೆ ಯೋಚಿಸುವುದಕ್ಕೆ ನಿಜವಾದ ಕಾರಣ ಇದೆ. ಆಗ ನಾನು ಸೇರಿಸುವ ಕಡೆಗೇ ವಾಲುತ್ತೇನೆ. ಅದೂ ನಿಮ್ಮ ಪ್ರಶ್ನೆಗಳಿಗೆ ಅವರು ಬೇಸರಪಡದೆ ಉತ್ತರ ಕೊಟ್ಟರೆ, ಮತ್ತು ಹುಡುಗ ಹೂಂ ಅಂದರೆ.

ಹೋಗುವಾಗ ಅವನನ್ನೂ ಕರೆದುಕೊಂಡು ಹೋಗಿ. ಗೆರೆ ಎಳೆದ ಆ ಹಾಳೆಯ ಕೆಳಗೆ ಅವನ ಪ್ರಶ್ನೆಗಳನ್ನು ಅವನ ಕೈಬರಹದಲ್ಲೇ ಬರೆಸಿ. ಅಲ್ಲಿ ಅವನೇ ಓದಲಿ, ಡಾಕ್ಟರು ಅವನಿಗೇ ಉತ್ತರ ಹೇಳಲಿ. ಎಲ್ಲ ಕೇಳಿದ ಮೇಲೂ ಅವನು ಬೇಡ ಅಂದರೆ, ‘ಇಲ್ಲ ಡಾಕ್ಟ್ರೇ, ನಾವು ಸೇರಲ್ಲ’ ಅಂತ ಹೇಳಿ, ಮುಂದಿನ ಚೆಕಪ್ಪಿನ ತಾರೀಖು ಬರೆಸಿಕೊಂಡು ಮನೆಗೆ ಬನ್ನಿ.